ಕಡಲು ನೋಡಿದೆವು, ಜನರನ್ನು ನೋಡಲಿಲ್ಲ

ನಮ್ಮ ಪರಿಚಯದ ಒಂದು ಕುಟುಂಬ ಇತ್ತೀಚೆಗೆ ಮಾಲ್ದೀವ್ಸ್‌ಗೆ ಹೋಗಿ ಬಂತು. ಮದುವೆಯ ಹತ್ತನೇ ವರ್ಷದ ಸಂಭ್ರಮ. ನಾಲ್ಕು ರಾತ್ರಿ, ಐದು ಹಗಲಿನ ಪ್ರವಾಸ. ಮರಳಿ ಬಂದ ಮೇಲೆ ನಮ್ಮನ್ನು ಮನೆಗೆ ಕರೆದು ಮೊಬೈಲಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೋರಿಸಿದರು. ನೀಲಿ ನೀರು, ಬಿಳಿ ಮರಳು, ಕಡಲಿನಲ್ಲಿ ಕಂಬ ನೆಟ್ಟು ಕಟ್ಟಿದ ಮರದ ಮನೆ, ಗಾಜಿನ ನೆಲದಡಿ ಓಡಾಡುವ ಮೀನುಗಳು. ಎಲ್ಲವೂ ಸುಂದರ. ಆದರೆ ಅಷ್ಟೂ ಚಿತ್ರಗಳಲ್ಲಿ ಆ ನಾಡಿನ ಒಬ್ಬನೇ ಒಬ್ಬ ಮನುಷ್ಯ ಇರಲಿಲ್ಲ.

"ಅಲ್ಲಿಯ ಜನ ಯಾವ ಭಾಷೆ ಆಡುತ್ತಾರೆ?" ಎಂದು ಕೇಳಿದೆವು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಇಂಗ್ಲಿಷೇ ಇರಬೇಕು, ನಮ್ಮೊಡನೆ ಎಲ್ಲರೂ ಇಂಗ್ಲಿಷೇ ಮಾತಾಡಿದರು" ಎಂದರು. ಮತ್ತೆ ವಿಚಾರಿಸಿದಾಗ ತಿಳಿದದ್ದು ಇಷ್ಟು: ಊಟ ಬಡಿಸಿದವನು ಬಾಂಗ್ಲಾದೇಶದವನು, ಕೋಣೆ ಗುಡಿಸಿದವನು ಶ್ರೀಲಂಕಾದವನು, ಅಡುಗೆಯವನು ನಮ್ಮ ಪಕ್ಕದ ಕೇರಳದವನು. ಐದು ದಿನ ಒಂದು ದೇಶದಲ್ಲಿದ್ದು ಬಂದವರು ಆ ದೇಶದ ಒಬ್ಬ ಪ್ರಜೆಯೊಡನೆ ಸಲಾಮು ಹೇಳುವಷ್ಟು ಮಾತನ್ನೂ ಆಡಿರಲಿಲ್ಲ.

ಅವರನ್ನು ಹಂಗಿಸಲು ನಾವಿದನ್ನು ಬರೆಯುತ್ತಿಲ್ಲ. ನಾವು ಹೋಗಿದ್ದರೂ ಅದೇ ಚಿತ್ರಗಳನ್ನು ತರುತ್ತಿದ್ದೆವು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಎರಡು ಗಂಟೆಯ ಹಾದಿಯಲ್ಲಿರುವ, ನಮ್ಮ ಕರಾವಳಿಯವರಂತೆಯೇ ತೆಂಗು ಮತ್ತು ಮೀನು ತಿಂದು ಬದುಕಿದ ಒಂದು ನಾಡನ್ನು ನಾವು ಜನರಿಲ್ಲದ ನಾಡೆಂದು ನಂಬುವಂತೆ ಮಾಡಿದ್ದು ಯಾವುದು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ "ಪ್ರಕೃತಿ ಮತ್ತು ಸಂಸ್ಕೃತಿಯನ್ನು ನೋಡಲು ಹೋಗಿದ್ದೆವು" ಎಂದು ಹೇಳಿಕೊಳ್ಳುವುದು ಆತ್ಮವಂಚನೆ ಎಂಬುದು ನಮ್ಮ ಅಭಿಪ್ರಾಯ.

ನೀರಿನ ಗೋಡೆ

ಮಾಲ್ದೀವ್ಸ್‌ನಲ್ಲಿ ಸುಮಾರು 1,190 ಹವಳದ ದ್ವೀಪಗಳಿವೆ. ಜನವಸತಿ ಇರುವುದು ಅವುಗಳಲ್ಲಿ 190ರಷ್ಟರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ ಅದು 300 ಚದರ ಕಿಲೋಮೀಟರ್ ಮೀರುವುದಿಲ್ಲ. ನಮ್ಮ ಒಂದು ಸಾಧಾರಣ ತಾಲೂಕಿಗಿಂತಲೂ ಚಿಕ್ಕ ನೆಲ, ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದದ ಕಡಲಿನಲ್ಲಿ ಚೆಲ್ಲಿಕೊಂಡಿದೆ. 2022ರ ಜನಗಣತಿಯ ಪ್ರಕಾರ ಅಲ್ಲಿರುವವರು 5 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಅವರಲ್ಲಿ ನಾಲ್ಕರಲ್ಲೊಬ್ಬರು ಕೆಲಸ ಹುಡುಕಿ ಬಂದ ವಿದೇಶೀಯರು.

ಅಲ್ಲಿ ಪ್ರವಾಸೋದ್ಯಮ ಆರಂಭವಾದದ್ದು 1972ರಲ್ಲಿ, ಕುರುಂಬಾ ಎಂಬ ರೆಸಾರ್ಟಿನಲ್ಲಿ. ಆಗ ತೆಂಗಿನ ಗರಿಯ ಮಾಡಿನ ಕೆಲವು ಕೋಣೆಗಳಷ್ಟೇ ಇದ್ದವು. ಆರಂಭದ ವರ್ಷಗಳಲ್ಲಿ ಬಂದ ಪ್ರವಾಸಿಗಳು ಊರ ದ್ವೀಪಗಳಿಗೂ ಹೋಗಿ ಜನರ ಮನೆಗಳಲ್ಲಿ ತಂಗುತ್ತಿದ್ದರು. 1980ರ ದಶಕದಲ್ಲಿ ಸರಕಾರ ಅದಕ್ಕೆ ತಡೆ ಹಾಕಿತು. ಜನರಿರುವ ದ್ವೀಪದಲ್ಲಿ ಪ್ರವಾಸಿ ತಂಗಬಾರದು, ಪ್ರವಾಸಿ ತಂಗುವ ದ್ವೀಪದಲ್ಲಿ ಜನ ನೆಲೆಸಬಾರದು. ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ಇಂದು ಅಂಥ ರೆಸಾರ್ಟುಗಳು 170ಕ್ಕೂ ಹೆಚ್ಚಿವೆ.

ಬೇರೆ ದೇಶಗಳಲ್ಲಿ ಶ್ರೀಮಂತರನ್ನು ಜನರಿಂದ ಬೇರ್ಪಡಿಸಲು ಗೋಡೆ ಕಟ್ಟುತ್ತಾರೆ, ಕಾವಲುಗಾರನನ್ನು ನಿಲ್ಲಿಸುತ್ತಾರೆ. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ, ಕಡಲೇ ಗೋಡೆಯಾಯಿತು. ಪ್ರವಾಸಿ ವಿಮಾನದಿಂದ ಇಳಿಯುತ್ತಾನೆ, ನಿಲ್ದಾಣದ ಬಾಗಿಲಲ್ಲೇ ಕಾದಿರುವ ವೇಗದ ದೋಣಿಯನ್ನೋ ನೀರಿನ ಮೇಲಿಳಿಯುವ ಪುಟ್ಟ ವಿಮಾನವನ್ನೋ ಏರುತ್ತಾನೆ, ನೇರವಾಗಿ ತನ್ನ ದ್ವೀಪ ಸೇರುತ್ತಾನೆ. ಹಿಂದಿರುಗುವಾಗಲೂ ಅದೇ ದಾರಿ. ರಾಜಧಾನಿ ಮಾಲೆ ಅವನಿಗೆ ಕಿಟಕಿಯಿಂದ ಕಾಣುವ ಕಾಂಕ್ರೀಟಿನ ಗುಡ್ಡೆ ಮಾತ್ರ. ಆ ನಗರಾಡಳಿತದ ಕೆಲವೇ ಚದರ ಕಿಲೋಮೀಟರ್ ನೆಲದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಒತ್ತಿಕೊಂಡು ಬದುಕುತ್ತಿದ್ದಾರೆಂಬುದು, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಪಾಳಿಯ ಮೇಲೆ ನಿದ್ರಿಸುವ ಮನೆಗಳಿವೆಯೆಂಬುದು ಅವನ ಅರಿವಿಗೆ ಬರುವುದಿಲ್ಲ. ಅರಿವಿಗೆ ಬರಬಾರದೆಂದೇ ಆ ವ್ಯವಸ್ಥೆ.

ಧರ್ಮದ ಹೆಸರು, ವ್ಯಾಪಾರದ ಲಾಭ

ಈ ಬೇರ್ಪಡೆಗೆ ಅಲ್ಲಿಯ ಆಳುವವರು ಕೊಟ್ಟ ಸಮರ್ಥನೆ ಧರ್ಮ ಮತ್ತು ಸಂಸ್ಕೃತಿಯ ರಕ್ಷಣೆ. ವಿದೇಶೀಯರ ಉಡುಗೆ ತೊಡುಗೆ, ಕುಡಿತ, ಜೀವನಕ್ರಮಗಳು ಊರಿನ ಯುವಜನರನ್ನು ಕೆಡಿಸಬಾರದೆಂಬ ಕಾಳಜಿ. ಕೇಳಲು ಸರಿಯೆನಿಸುವ ಮಾತು. ಆದರೆ ಮುಸ್ಲಿಮರಾದ ನಾವೇ ಇದನ್ನು ಪ್ರಶ್ನಿಸಬೇಕಾಗಿದೆ. ಒಂದು ದ್ವೀಪದಲ್ಲಿ ಹರಾಮ್ ಆದದ್ದು ಅರ್ಧ ಗಂಟೆಯ ದೋಣಿ ಹಾದಿಯ ಆಚೆಗೆ ವಿದೇಶಿ ವಿನಿಮಯವಾಗುವುದು ಹೇಗೆ? ಊರಲ್ಲಿ ಮದ್ಯ ಇಟ್ಟುಕೊಂಡವನಿಗೆ ಶಿಕ್ಷೆ, ರೆಸಾರ್ಟಿನಲ್ಲಿ ಮದ್ಯ ಮಾರುವವನಿಗೆ ಪರವಾನಗಿ. ಅದರಿಂದ ಬಂದ ತೆರಿಗೆ ಖಜಾನೆಗೆ. ಇದು ಧರ್ಮದ ರಕ್ಷಣೆಯಲ್ಲ, ಧರ್ಮವನ್ನು ಅಳತೆಗೋಲು ಹಿಡಿದು ಹಂಚಿಕೊಂಡ ವ್ಯವಹಾರ.

ಮತ್ತು ಈ ವ್ಯವಹಾರದ ಲಾಭ ಯಾರ ಕೈಗೆ ಹೋಯಿತು? ದ್ವೀಪಗಳು ಸರಕಾರದ ಸೊತ್ತು. ಅವನ್ನು ದೀರ್ಘ ಕಾಲದ ಗೇಣಿಗೆ ಕೊಡಲಾಗುತ್ತದೆ. ದ್ವೀಪ ಹಿಡಿಯುವ ಶಕ್ತಿ ಇದ್ದದ್ದು ಮಾಲೆಯ ಕೆಲವೇ ಮನೆತನಗಳಿಗೆ ಮತ್ತು ಹೊರದೇಶದ ದೊಡ್ಡ ಕಂಪೆನಿಗಳಿಗೆ. 2014 ಮತ್ತು 2015ರಲ್ಲಿ ಐವತ್ತಕ್ಕೂ ಹೆಚ್ಚು ದ್ವೀಪಗಳನ್ನು ಮತ್ತು ಹಿನ್ನೀರುಗಳನ್ನು ಸರಿಯಾದ ಹರಾಜಿಲ್ಲದೆ ಗೇಣಿಗೆ ಕೊಟ್ಟು ಸುಮಾರು 8 ಕೋಟಿ ಡಾಲರ್ ಕಬಳಿಸಿದ ಹಗರಣ ಹೊರಬಿದ್ದಾಗ ಆ ದೇಶವೇ ಬೆಚ್ಚಿಬಿದ್ದಿತು. ಹಿಂದೆ ಪ್ರವಾಸೋದ್ಯಮ ಸಚಿವರೂ ಉಪಾಧ್ಯಕ್ಷರೂ ಆಗಿದ್ದವರೇ ಅದರಲ್ಲಿ ಶಿಕ್ಷೆಗೆ ಗುರಿಯಾದರು. ಜನರ ಆಸ್ತಿಯಾದ ದ್ವೀಪ ಜನರಿಗೆ ಗೊತ್ತಿಲ್ಲದಂತೆ ಕೈಬದಲಾಗುತ್ತಿತ್ತು. ಆ ಮರಳಿನ ಮೇಲೆ ಕುಳಿತು ನಾವು ಸೂರ್ಯಾಸ್ತದ ಚಿತ್ರ ತೆಗೆಯುತ್ತಿದ್ದೆವು.

ಊರಿನ ಹೆಣ್ಣುಮಕ್ಕಳ ಸ್ಥಿತಿಯನ್ನು ನೋಡಿ. ಮೊದಲು ಮೀನು ಬೇಯಿಸಿ ಒಣಗಿಸುವುದು, ತೆಂಗಿನ ನಾರು ಹೊಸೆಯುವುದು, ಚಾಪೆ ನೇಯುವುದು ಅವರ ದುಡಿಮೆಯಾಗಿತ್ತು. ಹೊಸ ಆರ್ಥಿಕತೆ ಬಂದು ಕುಳಿತದ್ದು ಮನೆಯಿಂದ ದೂರದ ದ್ವೀಪದಲ್ಲಿ. ತಿಂಗಳುಗಟ್ಟಲೆ ಮನೆ ಬಿಟ್ಟು ಅಲ್ಲಿ ಇರಲು ಗಂಡಸರಿಗೆ ಸಾಧ್ಯವಾಯಿತು, ಅವರಿಗೆ ಆಗಲಿಲ್ಲ. ರೆಸಾರ್ಟುಗಳಲ್ಲಿ ದುಡಿಯುವ ಸ್ಥಳೀಯ ಮಹಿಳೆಯರು ಇಂದಿಗೂ ಬಹಳ ಕಡಿಮೆ. ಸಂಸ್ಕೃತಿಯನ್ನು ರಕ್ಷಿಸುತ್ತೇವೆಂದು ಹೊರಟವರು ಮೊದಲು ಬರಿಗೈ ಮಾಡಿದ್ದು ಆ ಸಂಸ್ಕೃತಿಯನ್ನು ಕೈಯಾರೆ ನೇಯುತ್ತಿದ್ದವರನ್ನೇ.

ಸಂಸ್ಕೃತಿ ಇಲ್ಲದ ನಾಡೇ?

"ಅಲ್ಲಿ ನೋಡಲು ಕಡಲು ಬಿಟ್ಟರೆ ಏನಿದೆ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ನಮ್ಮ ಮಾತಿನಲ್ಲೇ ಇದೆ. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂದು ನಾವು ಹೇಳುತ್ತೇವಲ್ಲ, ಆ ಕವಡೆ ಎಲ್ಲಿಂದ ಬಂತು? ಶತಮಾನಗಳ ಕಾಲ ಜಗತ್ತಿಗೆ ಕವಡೆ ಒದಗಿಸಿದ ಬಹು ದೊಡ್ಡ ಕಣಜ ಮಾಲ್ದೀವ್ಸ್. ಅಲ್ಲಿಯ ಹೆಂಗಸರು ಕಡಲಿನಿಂದ ಆರಿಸಿದ ಕವಡೆ ಬಂಗಾಳದ ಸಂತೆಗಳಲ್ಲಿ ನಾಣ್ಯವಾಗಿ ಚಲಾವಣೆಯಾಯಿತು. ಯುರೋಪಿನ ವ್ಯಾಪಾರಿಗಳು ಅದನ್ನೇ ಹಡಗಿನಲ್ಲಿ ತುಂಬಿ ಪಶ್ಚಿಮ ಆಫ್ರಿಕಾಕ್ಕೆ ಒಯ್ದು ಅದರಿಂದ ಮನುಷ್ಯರನ್ನು ಕೊಂಡುಕೊಂಡರು. ನಮ್ಮ ಅಜ್ಜಿಯಂದಿರು ಚೌಕಾಬಾರ ಆಡಿದ ಕವಡೆಯ ಹಿಂದೆ ಇಷ್ಟು ದೊಡ್ಡ ಚರಿತ್ರೆಯಿದೆ.

ಹವಳದ ದ್ವೀಪಗಳ ಉಂಗುರಕ್ಕೆ ಇಡೀ ಲೋಕ ಬಳಸುವ "ಅಟೋಲ್" ಎಂಬ ಪದ ಆ ಜನರ "ಅತೊಳು" ಎಂಬ ಪದದಿಂದಲೇ ಹೋದದ್ದು. ಅವರ ಭಾಷೆ ದಿವೆಹಿ, ಸಿಂಹಳದ ತಂಗಿ. "ದ್ವೀಪ"ದಿಂದಲೇ ಆ ಹೆಸರು. ಬರೆಯುವ ಲಿಪಿ ತಾನ, ಬಲದಿಂದ ಎಡಕ್ಕೆ ಸಾಗುತ್ತದೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ ರೂಪುಗೊಂಡವು. ಒಂದು ಪುಟ್ಟ ಜನಸಮುದಾಯ ಎರಡು ನಾಗರಿಕತೆಗಳಿಂದ ಬೇಕಾದುದನ್ನು ಪಡೆದು ತನ್ನದೇ ಆದ ಲಿಪಿಯನ್ನು ಕಟ್ಟಿಕೊಂಡಿತು. ಇದು ಸಂಸ್ಕೃತಿಯಲ್ಲವೇ?

ಮಾಲೆಯಲ್ಲಿ ಹುಕುರು ಮಿಸ್ಕಿ ಎಂಬ ಹಳೆಯ ಜುಮಾ ಮಸೀದಿ ಇದೆ. 1658ರಲ್ಲಿ ಪೂರ್ಣಗೊಂಡದ್ದು, ಸುಲ್ತಾನ್ ಇಬ್ರಾಹಿಂ ಇಸ್ಕಂದರ್ ಕಟ್ಟಿಸಿದ್ದು. ಬೆಟ್ಟವಿಲ್ಲದ ನಾಡಿನಲ್ಲಿ ಕಲ್ಲೆಲ್ಲಿಂದ ತರುವುದು? ಕಡಲಿನ ಹವಳವನ್ನೇ ಕೊಯ್ದು, ಒಣಗಿಸಿ, ಮರದಂತೆ ಕೆತ್ತಿ, ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿ ಕೂರಿಸಿ ಕಟ್ಟಿದರು. ಇಂಥ ಹವಳದ ಮಸೀದಿಗಳನ್ನು 2013ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಆ ಮಸೀದಿಯಲ್ಲಿ ಇನ್ನೊಂದು ವಿಶೇಷವಿದೆ. ಕಟ್ಟಡ ನೇರ ಪಶ್ಚಿಮಕ್ಕೆ ಮುಖ ಮಾಡಿದೆ. ಆದರೆ ಅಲ್ಲಿಂದ ಮಕ್ಕಾ ಇರುವುದು ವಾಯವ್ಯಕ್ಕೆ. ಹಿಂದಿನ ಕಾಲದ ಆರಾಧನಾ ಸ್ಥಳದ ತಳಪಾಯದ ಮೇಲೆಯೇ ಅದನ್ನು ಕಟ್ಟಿದ್ದರೆಂಬುದು ಅದಕ್ಕೆ ಕೊಡುವ ವಿವರಣೆ. ಹಾಗಾಗಿ ನಮಾಜಿಗೆ ನಿಂತವರು ಮಸೀದಿಯ ಮೂಲೆಯತ್ತ ಓರೆಯಾಗಿ ಸಾಲು ಕಟ್ಟುತ್ತಾರೆ. ಗೋಡೆ ಒಂದು ದಿಕ್ಕಿಗೆ, ಸಾಲು ಇನ್ನೊಂದು ದಿಕ್ಕಿಗೆ. 1153ರಲ್ಲಿ ಇಸ್ಲಾಮ್ ಸ್ವೀಕರಿಸುವುದಕ್ಕೆ ಮುನ್ನ ನೂರಾರು ವರ್ಷ ಬೌದ್ಧರಾಗಿದ್ದ ಜನರ ಚರಿತ್ರೆಯನ್ನು ಆ ಓರೆ ಸಾಲು ದಿನಕ್ಕೆ ಐದು ಬಾರಿ ಹೇಳುತ್ತಿತ್ತು.

ಇಲ್ಲಿ ಒಂದು ಕಹಿ ಸತ್ಯವನ್ನು ಮುಚ್ಚಿಡಲಾಗದು. 2012ರ ಫೆಬ್ರವರಿ 7ರಂದು, ಅಧ್ಯಕ್ಷರು ಅಧಿಕಾರ ಬಿಟ್ಟ ಗದ್ದಲದ ದಿನ, ಮಾಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನುಗ್ಗಿದ ಗುಂಪೊಂದು ಇಸ್ಲಾಮ್‌ಪೂರ್ವ ಕಾಲದ ಹವಳಗಲ್ಲಿನ ಬುದ್ಧನ ಶಿಲ್ಪಗಳನ್ನು ಪುಡಿ ಮಾಡಿತು. ಆ ಕಾಲದ ಸಂಗ್ರಹದ ಬಹುಪಾಲು ಒಂದೇ ದಿನ ನಾಶವಾಯಿತು. ಅದನ್ನು ಯಾರೂ ಪೂಜಿಸುತ್ತಿರಲಿಲ್ಲ, ಅದು ತಮ್ಮದೇ ಅಜ್ಜಂದಿರ ಕೈಕೆಲಸವಾಗಿತ್ತು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಕುರುಹುಗಳನ್ನು ಕಂಡು ಪಾಠ ಕಲಿಯಿರೆಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಕುರುಹುಗಳನ್ನೇ ಒಡೆದ ಮೇಲೆ ಕಲಿಯುವುದು ಏನನ್ನು? ಇದು ಧರ್ಮನಿಷ್ಠೆಯಲ್ಲ, ಅಜ್ಞಾನ. ನಮ್ಮಲ್ಲಿ ಮಸೀದಿ ಒಡೆದವರನ್ನು ಖಂಡಿಸುವ ನಾವು ಅಲ್ಲಿ ಮೂರ್ತಿ ಒಡೆದವರನ್ನು ಖಂಡಿಸದೆ ಹೋದರೆ ನಮ್ಮ ಖಂಡನೆಗೆ ಬೆಲೆ ಇರುವುದಿಲ್ಲ.

ಪ್ರವಾಸಿ ಹೇಗಿರುತ್ತಾನೆಂಬುದಕ್ಕೂ ಆ ನಾಡಿನಲ್ಲೇ ಹಳೆಯ ಉದಾಹರಣೆಯಿದೆ. 1343ರಲ್ಲಿ ಇಬ್ನ್ ಬತೂತ ಅಲ್ಲಿಗೆ ಬಂದ. ಬಂದವನು ಕಾಝಿಯಾಗಿ ಉಳಿದ, ಮದುವೆಯಾದ, ತೀರ್ಪು ಕೊಟ್ಟ, ಅಧಿಕಾರಿಗಳೊಂದಿಗೆ ಜಗಳವಾಡಿ ಹೊರಟುಹೋದ. ಹೆಂಗಸರು ಮೈತುಂಬ ಬಟ್ಟೆ ಉಡಬೇಕೆಂದು ಆಜ್ಞೆ ಮಾಡಿ ಸೋತುಹೋದುದನ್ನು ತಾನೇ ಒಪ್ಪಿಕೊಂಡಿದ್ದಾನೆ. ಖದೀಜಾ ಎಂಬ ರಾಣಿ ಅಲ್ಲಿ ರಾಜ್ಯವಾಳುತ್ತಿದ್ದುದನ್ನು ಬೆರಗಿನಿಂದ ದಾಖಲಿಸಿದ್ದಾನೆ. ಅವನಲ್ಲಿ ಅಹಂಕಾರವಿತ್ತು, ತನ್ನ ಊರಿನ ಅಳತೆಯಿಂದ ಅವರನ್ನು ಅಳೆದ. ಆದರೂ ಅವನು ಜನರ ನಡುವೆ ಬದುಕಿದ, ಅವರ ತೆಂಗು, ಮೀನು, ನಾರಿನ ಹಗ್ಗ, ಕವಡೆ, ನ್ಯಾಯ, ಮದುವೆ ಎಲ್ಲವನ್ನೂ ಬರೆದಿಟ್ಟ. ಸುಮಾರು ಏಳು ನೂರು ವರ್ಷಗಳ ನಂತರ, ಕೈಯಲ್ಲಿ ಕ್ಯಾಮರಾ ಇರುವ ನಾವು ಅವನ ಕಾಲು ಭಾಗವನ್ನಾದರೂ ಕಂಡಿದ್ದೇವೆಯೇ?

ರೆಸಾರ್ಟಿನಲ್ಲಿ ಸಂಸ್ಕೃತಿಗೂ ವೇಳಾಪಟ್ಟಿಯಿದೆ. ವಾರಕ್ಕೊಂದು ರಾತ್ರಿ ಊಟದ ನಂತರ ಒಂದು ಗಂಟೆ "ಬೊಡು ಬೆರು". ಪೂರ್ವ ಆಫ್ರಿಕಾದಿಂದ ಕಡಲು ದಾಟಿ ಬಂದದ್ದೆಂದು ಹೇಳಲಾಗುವ, ದುಡಿದು ದಣಿದ ಜನ ಬಯಲಲ್ಲಿ ಕುಳಿತು ಬಾರಿಸುತ್ತಿದ್ದ ದೊಡ್ಡ ಡೋಲು ಅದು. ಅದನ್ನೀಗ ಸಮವಸ್ತ್ರ ತೊಟ್ಟವರು ಐಸ್‌ಕ್ರೀಮಿನ ಜೊತೆ ಬಾರಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಸಂಸ್ಕೃತಿ ದರ್ಶನ ಮುಗಿಯುತ್ತದೆ.

ಪ್ರಕೃತಿಯ ಬಿಲ್ಲು ಯಾರಿಗೆ?

ಇನ್ನು ಪ್ರಕೃತಿಯ ಮಾತು. ಆ ದೇಶದ ನೆಲದ ಐದರಲ್ಲಿ ನಾಲ್ಕು ಭಾಗ ಕಡಲ ಮಟ್ಟದಿಂದ ಒಂದು ಮೀಟರಿಗಿಂತ ಕೆಳಗಿದೆ. 2009ರ ಅಕ್ಟೋಬರ್ 17ರಂದು ಅಧ್ಯಕ್ಷ ಮುಹಮ್ಮದ್ ನಶೀದ್ ಮತ್ತು ಅವರ ಸಚಿವರು ಉಸಿರಾಟದ ಉಪಕರಣ ತೊಟ್ಟು ನೀರಿನಡಿಯಲ್ಲಿ ಸಂಪುಟ ಸಭೆ ನಡೆಸಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಜಗತ್ತು ಅದನ್ನು ತಮಾಷೆಯಂತೆ ನೋಡಿತು. ಅವರಿಗೆ ಅದು ತಮಾಷೆಯಾಗಿರಲಿಲ್ಲ.

2004ರ ಡಿಸೆಂಬರಿನ ಸುನಾಮಿ ಅಲ್ಲಿ ನೂರರಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಕಂದೊಳುದೂ ಎಂಬ ದ್ವೀಪದ ಇಡೀ ಊರು, ಸಾವಿರಾರು ಜನ, ನೆಲೆ ತಪ್ಪಿ ವರ್ಷಗಟ್ಟಲೆ ತಾತ್ಕಾಲಿಕ ಬಿಡಾರಗಳಲ್ಲಿದ್ದು ಕೊನೆಗೆ ಬೇರೊಂದು ದ್ವೀಪದಲ್ಲಿ ನೆಲೆಸಬೇಕಾಯಿತು. ಹಲವು ದ್ವೀಪಗಳ ಸಿಹಿನೀರಿನ ಬಾವಿಗಳಿಗೆ ಉಪ್ಪು ನುಗ್ಗಿತು. 2014ರ ಡಿಸೆಂಬರಿನಲ್ಲಿ ಮಾಲೆಯ ನೀರಿನ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ನೀರಿಲ್ಲದೆ ಬಾಟಲಿಗಾಗಿ ಸಾಲು ನಿಂತರು. ಭಾರತ ವಿಮಾನ ಮತ್ತು ಹಡಗುಗಳಲ್ಲಿ ನೀರು ಕಳುಹಿಸಿತು. ಅದೇ ಹೊತ್ತಿನಲ್ಲಿ ಕಡಲಿನ ಆಚೆ, ಸ್ವಂತ ನೀರಿನ ಘಟಕಗಳಿರುವ ರೆಸಾರ್ಟುಗಳಲ್ಲಿ ಈಜುಕೊಳಗಳು ತುಂಬಿಯೇ ಇದ್ದವು.

ಹವಳ ಕಲ್ಲಲ್ಲ, ಜೀವ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಅದು ತನ್ನೊಳಗೆ ಬದುಕುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಆ ಪಾಚಿಯೇ ಅದಕ್ಕೆ ಬಣ್ಣ, ಅದೇ ಅನ್ನ. 1998ರಲ್ಲಿ ಕಡಲು ಬಿಸಿಯೇರಿದಾಗ ಅಲ್ಲಿ ಆಳವಿಲ್ಲದ ನೀರಿನ ಹವಳದ ಬಹುಭಾಗ ಸತ್ತಿತು. ನಿಧಾನವಾಗಿ ಚಿಗುರಿಕೊಳ್ಳುವಷ್ಟರಲ್ಲಿ 2016ರಲ್ಲಿ ಮತ್ತೊಂದು ಹೊಡೆತ ಬಿತ್ತು. ಹವಳ ಸತ್ತರೆ ಅಲೆಯನ್ನು ತಡೆಯುವ ಕೋಟೆ ಸತ್ತಂತೆ, ಮರಳನ್ನು ಹುಟ್ಟಿಸುವ ತಾಯಿ ಸತ್ತಂತೆ. ನಾವು ಬರಿಗಾಲಲ್ಲಿ ನಡೆದು ಆನಂದಿಸುವ ಆ ಬಿಳಿ ಮರಳು ಹವಳದ ಪುಡಿಯೇ.

ಆ ಹವಳವನ್ನು ನೋಡಲೆಂದೇ ನಾವು ಇಂಧನ ಸುಡುವ ವಿಮಾನ ಏರುತ್ತೇವೆ, ಮತ್ತೆ ಪುಟ್ಟ ವಿಮಾನ ಏರುತ್ತೇವೆ. ನಮಗಾಗಿ ಹಿನ್ನೀರನ್ನು ಹೂಳೆತ್ತಿ ಹೊಸ ದ್ವೀಪ ಎಬ್ಬಿಸುತ್ತಾರೆ. ಎದ್ದ ಹೂಳು ಪಕ್ಕದ ಹವಳದ ಮೇಲೆ ಕೂರುತ್ತದೆ. ನಮ್ಮ ಕಸ ಎಲ್ಲಿಗೆ ಹೋಗುತ್ತದೆ? ಮಾಲೆಯ ಪಕ್ಕದ ತಿಲಫುಶಿಗೆ. 1990ರ ದಶಕದ ಆರಂಭದಲ್ಲಿ ಒಂದು ಹಿನ್ನೀರಿಗೆ ಕಸ ಸುರಿಯಲು ಆರಂಭಿಸಿದರು. ಸುರಿದು ಸುರಿದು ಅದೇ ಒಂದು ದ್ವೀಪವಾಯಿತು. ದಶಕಗಳ ಕಾಲ ಅಲ್ಲಿ ಬಯಲಲ್ಲೇ ಕಸ ಸುಟ್ಟರು. ಆ ಹೊಗೆಯ ನಡುವೆ ನಿಂತು ಕಸ ಕೆದಕಿದವರು ಬಹುಪಾಲು ಬಾಂಗ್ಲಾದೇಶದ ಬಡ ಕೂಲಿಗಳು. ಬಯಲಲ್ಲಿ ಸುಡುವುದು ನಿಂತದ್ದು 2021ರಲ್ಲಿ. ಯಾವ ಪ್ರವಾಸದ ಕಿರುಹೊತ್ತಗೆಯಲ್ಲೂ ಈ ದ್ವೀಪದ ಚಿತ್ರ ಇರುವುದಿಲ್ಲ.

ಮತ್ತೊಂದು ಕಡೆ ಅಲ್ಲಿಯ ಬೆಸ್ತರನ್ನು ನೋಡಿ. ಬಲೆ ಎಳೆದು ಕಡಲು ಬಾಚುವ ಬದಲು, ಗಾಳಕೋಲು ಹಿಡಿದು ಒಂದೊಂದೇ ಗೆದರೆ ಮೀನು ಹಿಡಿಯುವ ಪದ್ಧತಿಯನ್ನು ನೂರಾರು ವರ್ಷಗಳಿಂದ ಉಳಿಸಿಕೊಂಡು ಬಂದಿದ್ದಾರೆ. 2010ರಲ್ಲಿ ಆ ದೇಶ ಶಾರ್ಕ್ ಬೇಟೆಯನ್ನೇ ನಿಷೇಧಿಸಿತು. ಪ್ರಕೃತಿಯೊಡನೆ ಬದುಕುವುದು ಹೇಗೆಂದು ಕಲಿಯಲು ಹೋಗುವುದಾದರೆ ಕಲಿಸುವವರು ಅವರೇ. ನಾವು ಮಾತಾಡಿಸದೆ ಬಂದದ್ದು ಅವರನ್ನೇ.

ಬಹಿಷ್ಕಾರದ ದೇಶಭಕ್ತಿ

2024ರ ಜನವರಿಯಲ್ಲಿ ನಡೆದದ್ದನ್ನೂ ಇಲ್ಲಿ ಹೇಳಬೇಕು. ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಚಿತ್ರಗಳನ್ನು ಪ್ರಕಟಿಸಿದರು. ಮಾಲ್ದೀವ್ಸ್‌ನ ಮೂವರು ಉಪಸಚಿವರು ಅದರ ಬಗ್ಗೆ ಕೀಳಾಗಿ ಬರೆದರು. ಆ ಸರಕಾರ ಅವರನ್ನು ಅಮಾನತು ಮಾಡಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮಲ್ಲಿ "ಮಾಲ್ದೀವ್ಸ್ ಬಹಿಷ್ಕರಿಸಿ" ಎಂಬ ಅಬ್ಬರ ಎದ್ದಿತು. ಕಾಯ್ದಿರಿಸಿದ ಟಿಕೆಟುಗಳನ್ನು ರದ್ದು ಮಾಡಿ ಅದರ ಚಿತ್ರ ಹಾಕುವುದು ದೇಶಭಕ್ತಿಯ ಪ್ರಮಾಣಪತ್ರವಾಯಿತು. 2023ರಲ್ಲಿ 2 ಲಕ್ಷಕ್ಕೂ ಹೆಚ್ಚಿದ್ದ ಭಾರತೀಯ ಪ್ರವಾಸಿಗಳ ಸಂಖ್ಯೆ 2024ರಲ್ಲಿ 1 ಲಕ್ಷ 30 ಸಾವಿರದ ಆಸುಪಾಸಿಗೆ ಇಳಿಯಿತು.

ಮೂವರ ನಾಲಿಗೆಯ ತಪ್ಪಿಗೆ ಐದು ಲಕ್ಷ ಜನರ ಅನ್ನಕ್ಕೆ ಕೈ ಹಾಕಿದ್ದು ಯಾವ ನ್ಯಾಯ? ಅಲ್ಲಿ "ಭಾರತ ತೊಲಗಲಿ" ಎಂದು ಕೂಗಿ ಅಧಿಕಾರಕ್ಕೆ ಬಂದವರ ಸಂಕುಚಿತತನವನ್ನು ನಾವು ಒಪ್ಪುವುದಿಲ್ಲ. ಆದರೆ ಇಲ್ಲಿ ಎದ್ದ ಕೂಗಿನಲ್ಲಿ ಅವರ ರಾಜಕಾರಣಕ್ಕಿಂತ ಅವರ ಧರ್ಮದ ಮೇಲಿನ ಸಿಟ್ಟೇ ಹೆಚ್ಚು ಕೇಳಿಸಿತು. ಮುಂದೆ 2025ರ ಜುಲೈಯಲ್ಲಿ ಅದೇ ಪ್ರಧಾನಿ ಮಾಲ್ದೀವ್ಸ್‌ನ ಸ್ವಾತಂತ್ರ್ಯದ ಅರುವತ್ತನೇ ವರ್ಷದ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಹೋಗಿ ಬಂದರು. ಸರಕಾರಗಳು ರಾಜಿಯಾದವು. ಅಬ್ಬರಿಸಿದವರು ಮೌನವಾದರು.

ಸಂಭ್ರಮಪಟ್ಟು ಹೋದವನಿಗೂ ಸಿಟ್ಟಿನಿಂದ ಹೋಗದೆ ಉಳಿದವನಿಗೂ ಒಂದೇ ಕಾಯಿಲೆ. ಮೊದಲನೆಯವನಿಗೆ ಆ ನಾಡು ಒಂದು ಸರಕು, ಎರಡನೆಯವನಿಗೆ ಅದು ಬೇಡವಾದ ಸರಕು. ಅಲ್ಲಿ ಮನುಷ್ಯರಿದ್ದಾರೆಂಬುದು ಇಬ್ಬರಿಗೂ ತಿಳಿಯದು.

ಮುಂದಿನ ಸರದಿ ನಮ್ಮ ನೆರೆಯವರದು

ಆ ಗದ್ದಲದಲ್ಲಿ ಒಂದು ಹೊಸ ಘೋಷಣೆ ಹುಟ್ಟಿತು: "ಮಾಲ್ದೀವ್ಸ್ ಯಾಕೆ, ನಮ್ಮ ಲಕ್ಷದ್ವೀಪವಿದೆಯಲ್ಲ!" ಕರಾವಳಿಯವರಾದ ನಾವು ಈ ಮಾತನ್ನು ಕೇಳಿ ಸುಮ್ಮನಿರಲಾಗದು. ಲಕ್ಷದ್ವೀಪ ನಮಗೆ ದೂರದ ಹೆಸರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು ಒಂದು ಕಾಲದಲ್ಲಿ ಟಿಪ್ಪುವಿನ ಆಡಳಿತಕ್ಕೆ ಸೇರಿದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿಯ ಕೊಬ್ಬರಿ, ನಾರು ಮಂಗಳೂರಿನ ಬಂದರಿನಲ್ಲಿ ಇಳಿಯುತ್ತಿತ್ತು. ಇಲ್ಲಿಂದ ಅಕ್ಕಿ, ಹೆಂಚು, ಸಾಮಾನು ಮಂಜಿಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು. ದಕ್ಷಿಣ ತುದಿಯ ಮಿನಿಕಾಯ್‌ನಲ್ಲಂತೂ ಜನರ ಮಾತು ಮಾಲ್ದೀವ್ಸ್‌ನ ಭಾಷೆಯ ಇನ್ನೊಂದು ರೂಪ. ಯಾವುದನ್ನು ಯಾವುದರ ವಿರುದ್ಧ ನಿಲ್ಲಿಸುತ್ತಿದ್ದೇವೆಂಬ ಕಲ್ಪನೆಯಾದರೂ ನಮಗಿದೆಯೇ?

ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. ಜನರಿರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64 ಸಾವಿರ ಜನ. ಅಲ್ಲಿಯ ಮೂಲನಿವಾಸಿಗಳು ಪರಿಶಿಷ್ಟ ಪಂಗಡದವರು, ಅವರ ನೆಲಕ್ಕೆ ಕಾನೂನಿನ ರಕ್ಷಣೆಯಿದೆ. 2021ರಲ್ಲಿ ಅಲ್ಲಿಯ ಆಡಳಿತ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮವೊಂದನ್ನು ತಂದಾಗ ಜನ ಬೆದರಿದ್ದು ಸುಮ್ಮನೆ ಅಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಯಾರ ಜಾಗವನ್ನೂ ವಶಪಡಿಸಿಕೊಳ್ಳುವಷ್ಟು ಅಧಿಕಾರ ಅದರಲ್ಲಿತ್ತು. ದಡದಲ್ಲಿದ್ದ ಬೆಸ್ತರ ಶೆಡ್ಡುಗಳನ್ನು ಕೆಡವಲಾಗಿತ್ತು. ಆ ವರ್ಷದ ಜೂನ್ 7ರಂದು ದ್ವೀಪವಾಸಿಗಳು ತಮ್ಮ ತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕುಳಿತು ಪ್ರತಿಭಟಿಸಿದರು. ಮಾಲ್ದೀವ್ಸ್‌ನಲ್ಲಿ ಐವತ್ತು ವರ್ಷಗಳಲ್ಲಿ ಆದದ್ದು ಲಕ್ಷದ್ವೀಪದಲ್ಲಿ ಹತ್ತು ವರ್ಷಗಳಲ್ಲಿ ಆಗಿಬಿಡಬಹುದೆಂಬ ಭಯ ಅವರದು. ಅಲ್ಲಾದರೋ ಸಾವಿರ ಖಾಲಿ ದ್ವೀಪಗಳಿದ್ದವು. ಇಲ್ಲಿ ಜನರನ್ನು ಎಲ್ಲಿಗೆ ಸರಿಸುತ್ತಾರೆ?

ಹಾಗಾದರೆ ಹೋಗಬಾರದೇ?

ಹೋಗಬೇಕು. ಪ್ರವಾಸದಿಂದ ಆ ಜನರ ಒಲೆ ಉರಿಯುತ್ತದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗಳು 20 ಲಕ್ಷ ಮೀರಿದರು, ಇದ್ದ ಜನರ ನಾಲ್ಕು ಪಟ್ಟು. ನಮ್ಮ ಪ್ರಶ್ನೆ ಇರುವುದು ಹೋಗುವುದರ ಬಗ್ಗೆಯಲ್ಲ, ಹೋಗುವ ರೀತಿಯ ಬಗ್ಗೆ.

2009ರ ಆಸುಪಾಸಿನಲ್ಲಿ ಕಾನೂನು ಸಡಿಲಗೊಂಡು ಊರ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅವಕಾಶ ಸಿಕ್ಕಿತು. ಅದುವರೆಗೆ ಕಾರಾಗೃಹಕ್ಕೆ ಹೆಸರಾಗಿದ್ದ ಮಾಫುಶಿ ದ್ವೀಪದಲ್ಲಿ ಮೊದಮೊದಲು ಬಾಗಿಲು ತೆರೆಯಿತು. ಮೀನು ಹಿಡಿಯುವವನ ಮಗ ಎರಡು ಕೋಣೆ ಕಟ್ಟಿ ಯಜಮಾನನಾದ. ಹೆಣ್ಣುಮಕ್ಕಳಿಗೆ ಮನೆಯ ಸನಿಹದಲ್ಲೇ ದುಡಿಮೆ ಸಿಕ್ಕಿತು. ಅಲ್ಲಿಯೂ ಈಗ ಕಟ್ಟಡಗಳು ಕಿಕ್ಕಿರಿದಿವೆ, ಲೋಪಗಳಿವೆ. ಆದರೂ ಅಲ್ಲಿ ಪ್ರವಾಸಿಗೂ ಊರಿಗೂ ನಡುವೆ ಕಡಲಿಲ್ಲ, ಬೀದಿಯಿದೆ. ಮುಂಜಾನೆ ಬಾಂಗ್ ಕೇಳುತ್ತದೆ. ಶಾಲೆಗೆ ಹೋಗುವ ಮಕ್ಕಳು ಕಾಣುತ್ತಾರೆ. ಉಪಾಹಾರಕ್ಕೆ ಮಸ್ ಹುನಿ ಸಿಗುತ್ತದೆ: ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸು, ಲಿಂಬೆ ಬೆರೆಸಿ ರೊಟ್ಟಿಯೊಡನೆ ತಿನ್ನುವುದು. ನಮ್ಮ ಕರಾವಳಿಯ ನಾಲಿಗೆಗೆ ಅದು ಪರಕೀಯವಲ್ಲ.

ಮುಸ್ಲಿಮ್ ಓದುಗರಿಗೆ ಇನ್ನೊಂದು ಮಾತು. ಈಗ "ಹಲಾಲ್ ಪ್ರವಾಸ" ಎಂಬ ಹೊಸ ಸರಕು ಮಾರುಕಟ್ಟೆಗೆ ಬಂದಿದೆ. ಮದ್ಯವಿಲ್ಲದ ಊಟ, ಮರೆಯಿರುವ ಈಜುಕೊಳ, ಕೋಣೆಯಲ್ಲಿ ಮುಸಲ್ಲಾ. ಬೇಡವೆನ್ನುವುದಿಲ್ಲ. ಆದರೆ ಅದನ್ನು ಒದಗಿಸುವ ಕೂಲಿಯವನಿಗೆ ಸರಿಯಾದ ಸಂಬಳವಿದೆಯೇ, ಅವನ ಪಾಸ್‌ಪೋರ್ಟ್ ಅವನ ಕೈಯಲ್ಲೇ ಇದೆಯೇ, ಆ ದ್ವೀಪ ನ್ಯಾಯವಾಗಿ ಪಡೆದದ್ದೇ, ಅದರ ಹೊಲಸು ಕಡಲಿಗೆ ಬೀಳುತ್ತಿದೆಯೇ? ಇವು ಹಲಾಲಿನ ಪ್ರಶ್ನೆಗಳಲ್ಲವೇ? ತಟ್ಟೆಯಲ್ಲಿರುವ ಮಾಂಸದ ಬಗ್ಗೆ ಮಾತ್ರ ಕೇಳಿ, ಬಡಿಸಿದ ಕೈಯ ಬಗ್ಗೆ ಕೇಳದಿದ್ದರೆ ನಮ್ಮ ಎಚ್ಚರ ಅರ್ಧ ಎಚ್ಚರವೇ ಸರಿ.

ಆ ಕುಟುಂಬ ಮುಂದಿನ ಸಲ ಹೋಗುವುದಾದರೆ ಒಂದು ಕೆಲಸ ಮಾಡಲಿ ಎಂದು ನಾವು ಕೇಳಿಕೊಂಡಿದ್ದೇವೆ. ನಾಲ್ಕು ರಾತ್ರಿಗಳಲ್ಲಿ ಎರಡನ್ನಾದರೂ ಊರ ದ್ವೀಪದಲ್ಲಿ ಕಳೆಯಲಿ. ಒಂದು ದಿನ ಊರವರ ದೋಣಿಯಲ್ಲಿ ಅವರೊಡನೆ ಕುಳಿತು ಪ್ರಯಾಣಿಸಲಿ. ಮಾಲೆಯ ಹವಳದ ಮಸೀದಿಯ ಮುಂದೆ ನಿಂತು ಅದರ ಗೋಡೆ ಯಾವ ದಿಕ್ಕಿಗಿದೆ ಎಂದು ನೋಡಲಿ. ಬೆಸ್ತನೊಬ್ಬನ ಬಳಿ ಈ ವರ್ಷ ಮೀನು ಹೇಗಿದೆ ಎಂದು ವಿಚಾರಿಸಲಿ. ಹಿಂದಿರುಗಿ ಬಂದಾಗ ಅವರ ಮೊಬೈಲಿನಲ್ಲಿ ಇನ್ನೂರು ಚಿತ್ರ ಇರದಿದ್ದರೂ ಪರವಾಗಿಲ್ಲ. ಒಬ್ಬ ಮನುಷ್ಯನ ಹೆಸರು ನೆನಪಿದ್ದರೆ ಸಾಕು, ಅವರು ಮಾಲ್ದೀವ್ಸ್‌ಗೆ ಹೋಗಿ ಬಂದರೆಂದು ನಾವು ಒಪ್ಪುತ್ತೇವೆ.